ಎಣ್ಣೆ ಮಾತ್ರ ಮುಟ್ಟಿಸಬೇಡಿ ಮ್ಯಾಮ್

ಹೋದ ತಿಂಗಳು ಮುಳಬಾಗಿಲಿನ ಒಂದು ಚೌಲ್ಟ್ರಿಯಲ್ಲಿ, ಬಂಧು ಬಳಗವೆಲ್ಲ ಸುತ್ತ ನಿಂತು ನೋಡುತ್ತಿದ್ದಾಗ, ನನ್ನ ತಲೆಯಿಂದ ಒಂದು ಹಿಡಿ ಕೂದಲು ಜಾರಿ ನಮ್ಮ ದೊಡ್ಡಮ್ಮನ ಅಂಗೈಗೆ ಬಂತು.

ನೋವಾಗಲಿಲ್ಲ. ಆಗುವುದಾದರೂ ಹೇಗೆ? ಅದು ನನ್ನ ಕೂದಲೇ ಅಲ್ಲವಲ್ಲ.

ಆದರೆ ಆ ಕ್ಷಣಕ್ಕೆ ನೆಲ ಬಾಯಿ ಬಿಡಬಾರದೇ ಅನ್ನಿಸಿದ್ದು ನಿಜ. ಯಾಕೆ ಅಂತ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹೋದ ವರ್ಷ ನನಗೆ ಡೆಂಗ್ಯೂ ಬಂದಿದ್ದು ನಿಮಗೆ ನೆನಪಿರಬಹುದು. (ಆಗ ಪಪ್ಪಾಯಿ ಎಲೆಯ ರಸದ ಬಗ್ಗೆ ಇಲ್ಲೇ ಗೋಳಾಡಿದ್ದೆ.) ಜ್ವರ ಹೋಯಿತು. ಪ್ಲೇಟ್‌ಲೆಟ್ ಏರಿತು. ಸದ್ಯ ಮುಗಿಯಿತಪ್ಪ ಅಂತ ಉಸಿರು ಬಿಡುವಷ್ಟರಲ್ಲಿ ಕೂದಲು ಉದುರಲು ಶುರುವಾಯಿತು. ದಿಂಬಿನ ಮೇಲೆ ಕೂದಲು. ಚಪಾತಿ ಹಿಟ್ಟಿನಲ್ಲಿ ಕೂದಲು. ಕಾಲೇಜಿನಲ್ಲಿ ಮಕ್ಕಳ ಉತ್ತರ ಪತ್ರಿಕೆ ತಿದ್ದುತ್ತಿದ್ದರೆ ಅದರ ಮೇಲೂ ಕೂದಲು. ಬೈತಲೆ ಅಗಲವಾಗುತ್ತಾ ಹೋಯಿತು, ಜಡೆ ಇಲಿಬಾಲದಷ್ಟಾಯಿತು. "ಮತ್ತೆ ಬರುತ್ತೆ, ಸ್ವಲ್ಪ ಟೈಮ್ ಕೊಡಿ" ಅಂದರು ಡಾಕ್ಟರು.

ಟೈಮ್ ಕೊಡಲು ನಾನು ರೆಡಿ. ಜನ ರೆಡಿ ಇರಬೇಕಲ್ಲ?

ನಮ್ಮ ಕೋಲಾರದಲ್ಲೇ ಒಂದು ಸೀಮಂತ. ಪಂಕ್ತಿಯಲ್ಲಿ ಊಟಕ್ಕೆ ಕೂತಿದ್ದೆ. ಎಲೆಗೆ ಇನ್ನೂ ಪಲ್ಯ ಬೀಳುತ್ತಿತ್ತು. ಹಿಂದಿನಿಂದ ಬಂದ ವಕ್ಕಲೇರಿ ದೊಡ್ಡಮ್ಮ ನನ್ನ ನೆತ್ತಿಯ ಮೇಲೆ ಬೆರಳಿಟ್ಟಳು. ಇವಳು ನಮ್ಮಮ್ಮನ ಅಕ್ಕ. ಅಮ್ಮ ಹೋದ ಮೇಲೆ ನನಗೂ ನನ್ನ ತಮ್ಮನಿಗೂ ಉಳಿದಿರುವ ಹಿರಿಯಳೆಂದರೆ ಇವಳೊಬ್ಬಳೇ. ಹೊಲದ ಆ ತುದಿಯಲ್ಲಿರುವ ದೊಡ್ಡಪ್ಪನನ್ನು ಈ ತುದಿಯಿಂದ ಕೂಗಿ ಅಭ್ಯಾಸವಾದ ಗಂಟಲು.

"ಏನೇ ಸುಧಾ ಇದು? ನೆತ್ತಿ ಎಲ್ಲಾ ಕಾಣ್ತೈತೆ! ಶುಗರ್ ಏನಾದ್ರೂ ಬಂತೇನೇ?"

ಆ ಪಂಕ್ತಿಯೂ ತಿರುಗಿತು, ಎದುರು ಪಂಕ್ತಿಯೂ ತಿರುಗಿತು. ಬಡಿಸುವವನು ಸೌಟು ಹಿಡಿದು ನಿಂತುಬಿಟ್ಟ. ಆಮೇಲೆ ಶುರುವಾಯಿತು ನೋಡಿ ಸಲಹೆ. ಈರುಳ್ಳಿ ರಸ, ಮೆಂತ್ಯ, ಮೊಟ್ಟೆ, ಯಾವುದೋ ಊರಿನ ನಾಟಿ ಎಣ್ಣೆ. ಅದನ್ನೆಲ್ಲ ಸಹಿಸಿಕೊಂಡೆ. ಸಹಿಸೋಕಾಗದೇ ಹೋಗಿದ್ದು ಮೂಲೆಯಿಂದ ಯಾರೋ ಹೇಳಿದ ಒಂದೇ ಒಂದು ಮಾತು. "ಪಾಪ."

ಬೈದರೆ ತಿರುಗಿ ಬೈಯಬಹುದು. ಪಾಪ ಅಂದರೆ ಏನು ಮಾಡೋದು? ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದು ಬಂದೆ.

ಇದಾದ ಸ್ವಲ್ಪ ದಿನಕ್ಕೆ ಮುಳಬಾಗಿಲಿನಿಂದ ತಮ್ಮನ ಫೋನು. ಅವನ ಮಗಳಿಗೆ ಮದುವೆ ನಿಶ್ಚಯವಾಗಿದೆ, ಹುಡುಗ ಶ್ರೀನಿವಾಸಪುರದವನು, ಮೇ ತಿಂಗಳಲ್ಲಿ ಮುಹೂರ್ತ. "ಸೋದರತ್ತೆ ನೀನೇ ತಾನೇ ಅಕ್ಕ, ಕಳಸ ನೀನೇ ಹಿಡೀಬೇಕು" ಅಂದ. ಸಂತೋಷವಾಯಿತು. ಫೋನು ಇಟ್ಟ ಮೇಲೆ ಲೆಕ್ಕ ಹಾಕಿದೆ. ಕಳಸ ಹಿಡಿಯೋದು ಅಂದರೆ ಮದುಮಗಳ ಹಿಂದೆಯೇ ಎರಡು ದಿನ ಓಡಾಟ. ಕ್ಯಾಮೆರಾ ಅವಳ ಮೇಲೆ ಬಿದ್ದರೆ ನನ್ನ ಮೇಲೂ ಬಿತ್ತು ಅಂತಲೇ ಅರ್ಥ. ಸಾಲದ್ದಕ್ಕೆ ಡ್ರೋನ್ ಬೇರೆ ಇರುತ್ತಂತೆ. ಮೇಲಿನಿಂದ ಹಾರುವ ಡ್ರೋನಿಗೆ ಮೊದಲು ಕಾಣೋದು ಏನು? ನೆತ್ತಿ!

ಅವತ್ತೇ ತೀರ್ಮಾನ ಮಾಡಿದೆ. ಆ ಎರಡು ದಿನ ನನ್ನನ್ನು ನೋಡಿ ಯಾರೂ ಪಾಪ ಅನ್ನಬಾರದು. ನನಗೆ ಬೇಕಾಗಿದ್ದು ಇಷ್ಟೇ. ಅದಕ್ಕೇ ಹೇರ್ ಎಕ್ಸ್‌ಟೆನ್ಷನ್.

ಕೋಲಾರದಲ್ಲಿ ಹಾಕಿಸುವ ಹಾಗಿಲ್ಲ. ಇಲ್ಲಿ ಯಾವ ಪಾರ್ಲರಿಗೆ ಹೋದರೂ ನನ್ನ ಹಳೇ ಸ್ಟೂಡೆಂಟೇ ಬಾಚಣಿಗೆ ಹಿಡಿದು "ನಮಸ್ತೆ ಮೇಡಂ" ಅನ್ನುತ್ತಾಳೆ. ಹಾಗಾಗಿ ಬಸ್ಸು ಹತ್ತಿ ಮಾಲೂರಿಗೆ ಹೋದೆ. ಅಲ್ಲೊಂದು ಹೊಸ ಸಲೂನು, ಗಾಜಿನ ಬಾಗಿಲು, ಒಳಗೆ ಫ್ರಿಜ್ಜಿನಂಥ ತಂಪು. ಅಂಥ ತಂಪಿನಲ್ಲಿ ಕೂತವರಿಗೆ ಎಲ್ಲವೂ ಸಾಧ್ಯ ಅನ್ನಿಸುತ್ತದೆ. ನನಗೂ ಅನ್ನಿಸಿತು.

ಸಲೂನಿನ ಹುಡುಗಿ ಒಳ್ಳೆಯವಳೇ, ಅವಳನ್ನು ದೂರುವ ಹಾಗಿಲ್ಲ. "ಕ್ಲಿಪ್ಪಿಂದು ತಗೊಳ್ಳಿ ಮ್ಯಾಮ್, ಈ ಬಿಸಿಲಿಗೆ ಅದೇ ಸೇಫ್. ಫಂಕ್ಷನ್ ಟೈಮಲ್ಲಿ ಸಿಕ್ಕಿಸ್ಕೊಳ್ಳಿ, ಮುಗಿದ್ಮೇಲೆ ಬಿಚ್ಚಿಡಿ. ತಲೆಗೂ ಗಾಳಿ ಆಡುತ್ತೆ" ಅಂದಳು. ಬಿಚ್ಚಿಡೋದು ಎಲ್ಲಿ? ಚೌಲ್ಟ್ರಿಯ ಒಂದೊಂದು ರೂಮಿನಲ್ಲೂ ಹತ್ತು ಹನ್ನೆರಡು ಹೆಂಗಸರು, ಅವರ ಸೂಟ್‌ಕೇಸು, ಅವರ ಮಕ್ಕಳು. ಅವರ ಮಧ್ಯೆ ಕೂತು ತಲೆಯಿಂದ ಕೂದಲು ಬಿಚ್ಚಿ ಬ್ಯಾಗಿಗೆ ತುಂಬಲೇ? ಕ್ಲಿಪ್ಪು ಬೇಡ ಅಂದೆ. ಕಮ್ಮಿ ಬೆಲೆಯದನ್ನು ತೋರಿಸಿದಳು. ಸಿಂಥೆಟಿಕ್ಕು. ಬೆವರು ತಾಗಿದರೆ ಗಂಟು ಗಂಟಾಗುತ್ತದಂತೆ. ಅದೂ ಬೇಡ. ಕೊನೆಗೆ ಒಪ್ಪಿದ್ದು ಟೇಪಿನದು. ನಿಜವಾದ ಕೂದಲಿನ ತೆಳ್ಳಗಿನ ಪಟ್ಟಿಗಳು, ಅವನ್ನು ನಮ್ಮ ಕೂದಲಿನ ಬುಡಕ್ಕೆ ಅಂಟಿಸುತ್ತಾರೆ.

"ನಿಮ್ ಕೂದಲಲ್ಲ ಅಂತ ಯಾರಿಗೂ ಗೊತ್ತಾಗಲ್ಲ ಮ್ಯಾಮ್."

ನನ್ನದಲ್ಲ ಸರಿ, ಮತ್ತೆ ಯಾರದು? ಕೇಳಿದೆ. "ಟೆಂಪಲ್ ಹೇರ್ ಮ್ಯಾಮ್, ಪ್ಯೂರ್" ಅಂದಳು. ದೇವರಿಗೆ ಕೊಟ್ಟ ಮುಡಿ! ನಮ್ಮ ಬೀದಿಯಲ್ಲಿ ಬೆಟ್ಟಕ್ಕೆ ಹೋಗಿ ಮುಡಿ ಕೊಟ್ಟು ಬರದ ಮನೆಯೇ ಇಲ್ಲ. ಇನ್ನು ನನ್ನ ತಲೆ ಮೇಲೆ ಕೂರೋದು ಪಕ್ಕದ ಮನೆಯವಳ ಹರಕೆಯೇ ಆಗಿದ್ದರೆ? (ದೇವರಿಗೆ ಗೊತ್ತಾದರೆ ಏನಂದುಕೊಳ್ಳುತ್ತಾನೋ.)

ಅಂಟಿಸಿ ಮುಗಿದ ಮೇಲೆ ಹುಡುಗಿ ಪಾಲನೆ ಪೋಷಣೆಯ ಪಾಠ ಶುರು ಮಾಡಿದಳು. ಎಳೆಮಗುವನ್ನು ಮನೆಗೆ ಕಳಿಸುವಾಗಲೂ ನರ್ಸುಗಳು ಇಷ್ಟು ಹೇಳುವುದಿಲ್ಲ. ಬೇರೆ ಶಾಂಪೂ. ಬೇರೆ ಬಾಚಣಿಗೆ. ಒದ್ದೆ ತಲೆಯಲ್ಲಿ ಮಲಗಬೇಡಿ. ಬೆವರಿದರೆ ಬುಡ ಒಣಗಿಸಿ. ಗಟ್ಟಿಯಾಗಿ ಕಟ್ಟಬೇಡಿ. ಬಾಗಿಲವರೆಗೂ ಬಂದು ಮತ್ತೊಮ್ಮೆ ಎಚ್ಚರಿಸಿದಳು.

"ಏನಾದ್ರೂ ಮಾಡಿ, ಎಣ್ಣೆ ಮಾತ್ರ ಮುಟ್ಟಿಸಬೇಡಿ ಮ್ಯಾಮ್. ಅಂಟು ಬಿಟ್ಟೋಗುತ್ತೆ."

ನಾನು ನಕ್ಕೆ. ತಲೆಗೆ ಎಣ್ಣೆ ಹಚ್ಚುವುದನ್ನು ಬಿಟ್ಟು ಎಷ್ಟು ಕಾಲವಾಯಿತೋ! ಚಿಕ್ಕಂದಿನಲ್ಲಿ ಭಾನುವಾರ ಬಂತೆಂದರೆ ಅಮ್ಮ ಕಾಲಿನ ನಡುವೆ ಕೂರಿಸಿಕೊಂಡು, ಕಣ್ಣಿಗೆ ಇಳಿಯುವಷ್ಟು ಎಣ್ಣೆ ಒತ್ತುತ್ತಿದ್ದಳು. ತನ್ನ ಕೂದಲನ್ನು ಮಾತ್ರ ಯಾರ ಕೈಗೂ ಕೊಡುತ್ತಿರಲಿಲ್ಲ. ತಾನೇ ಹಚ್ಚಿಕೊಂಡು, ತಾನೇ ಬಾಚಿಕೊಂಡು, ಬಾಚಣಿಗೆಗೆ ಬಂದದ್ದನ್ನು ಬೆರಳಿಗೆ ಸುತ್ತಿ ಉಂಡೆ ಮಾಡಿ ಕಿಟಕಿಯ ಸಂದಿಗೆ ಸಿಕ್ಕಿಸುತ್ತಿದ್ದಳು. ಅದೆಲ್ಲ ಅವಳ ಜೊತೆಗೇ ಹೋಯಿತು. ಎಣ್ಣೆಯ ಭಯ ನನಗೇಕೆ?

ಮನೆಗೆ ಬಂದೆ. ಗಂಡ ಪೇಪರಿನಿಂದ ತಲೆ ಎತ್ತಿ ಒಂದು ನಿಮಿಷ ನೋಡಿದರು. "ಏನೋ ಚೇಂಜ್ ಆಗಿದೆಯಲ್ಲ, ಕನ್ನಡಕ ಹೊಸದಾ?" ಅಂದರು. ಇಷ್ಟೇ ಸಾಕು ಅಂತ ಸಮಾಧಾನ ಮಾಡಿಕೊಂಡೆ.

ಆದರೆ ಸಮಾಧಾನ ಎಲ್ಲಿಯದು? ಆ ಪಾಠವನ್ನು ಬರೆದವರು ಕೋಲಾರದ ಬೇಸಿಗೆಯನ್ನು ನೋಡಿಲ್ಲ. ಸ್ಕೂಟಿ ಮೇಲೆ ಹೆಲ್ಮೆಟ್ ಹಾಕಿಕೊಂಡು ಕಾಲೇಜು ಸೇರುವಷ್ಟರಲ್ಲಿ ತಲೆಯೊಳಗೆ ಇಡ್ಲಿ ಬೇಯುತ್ತಿರುತ್ತದೆ. ಬುಡ ಒಣಗಿಸಿ ಅಂತಾಳೆ. ಡ್ರೈಯರ್ ಹಿಡಿದ ತಕ್ಷಣ ಕರೆಂಟು ಹೋಗುತ್ತದೆ. ಬೋರ್‌ವೆಲ್ ನೀರೋ, ಬಕೆಟ್ಟಿನ ಮೇಲೆ ಬಿಳಿ ಪಟ್ಟೆ ಕಟ್ಟುವ ನೀರು. ಅದರಲ್ಲಿ ತೊಳೆದರೆ ದೇವರ ಮುಡಿಯೂ ತೆಂಗಿನ ನಾರಾಗುತ್ತದೆ. ಇನ್ನು ಆ ಕೆರೆತ! ಟೇಪಿನ ಕೆಳಗೆ ಬೆವರು ಸೇರಿ, ಪಾಠ ಮಾಡುತ್ತಾ ಮಾಡುತ್ತಾ ಪೆನ್ನಿನ ಹಿಂಬದಿಯಿಂದ ತಲೆ ಚುಚ್ಚಿಕೊಳ್ಳುವ ಹಾಗಾಯಿತು. "ಮೇಡಂ ಏನೋ ಯೋಚನೆ ಮಾಡ್ತಿದ್ದಾರೆ" ಅಂತ ಮಕ್ಕಳು ಸುಮ್ಮನಿರುತ್ತಿದ್ದರು.

ಅಂತೂ ಮದುವೆ ಬಂತು.

ನಮ್ಮದು ಒಣಹವೆಯ ಜಿಲ್ಲೆ ಅಂತ ಪುಸ್ತಕದಲ್ಲಿದೆ. ಪುಸ್ತಕ ಬರೆದವರು ಮೇ ತಿಂಗಳ ಚೌಲ್ಟ್ರಿಗೆ ಬಂದಿರಲಿಕ್ಕಿಲ್ಲ. ಮೇಲೆ ಶೀಟು, ಪಕ್ಕದಲ್ಲಿ ಅನ್ನದ ಕೊಪ್ಪರಿಗೆ, ಒಳಗೆ ಜನ, ಆ ಜನರ ಮೇಲೆ ರೇಷ್ಮೆ ಸೀರೆ. ಫ್ಯಾನು ತಿರುಗುತ್ತದೆ, ಆದರೆ ಬೆವರನ್ನು ಇವರಿಂದ ಅವರಿಗೆ ದಾಟಿಸುತ್ತದೆ ಅಷ್ಟೇ. ಆದರೂ ನಾನು ಖುಷಿಯಾಗಿದ್ದೆ. ಬಂದವರೆಲ್ಲ ನನ್ನ ಜಡೆ ನೋಡಿದರು. "ಪರವಾಗಿಲ್ವೇ, ಕೂದಲು ಚೆನ್ನಾಗಿ ಬಂದ್ಬಿಡ್ತು" ಅಂದರು. ಒಬ್ಬರೂ ಪಾಪ ಅನ್ನಲಿಲ್ಲ.

ಮುಹೂರ್ತದ ಹಿಂದಿನ ಮಧ್ಯಾಹ್ನ ನಲುಗು. ಮದುಮಗಳನ್ನು ಮಣೆ ಮೇಲೆ ಕೂರಿಸಿ, ಮುತ್ತೈದೆಯರು ಗರಿಕೆಯನ್ನು ಎಣ್ಣೆಯಲ್ಲಿ ಅದ್ದಿ ಪಾದ, ಮಂಡಿ, ಭುಜ, ನೆತ್ತಿಗೆ ಮುಟ್ಟಿಸಿ ಅರಿಶಿನ ಹಚ್ಚುವ ಶಾಸ್ತ್ರ. ನಾನು ಆರತಿ ತಟ್ಟೆ ಹಿಡಿದು ನಗುತ್ತಾ ನಿಂತಿದ್ದೆ.

"ಇನ್ನೊಂದು ಮಣೆ ಹಾಕ್ರೇ, ಕಳಸ ಹಿಡಿಯೋಳು ಬಂದು ಕೂತ್ಕೊಳ್ಲಿ" ಅಂತ ಯಾರೋ ಕೂಗಿದರು.

ನಮ್ಮ ಮನೆತನದಲ್ಲಿ ಕಳಸ ಹಿಡಿಯುವವಳಿಗೂ ನಲುಗು ಇಡುತ್ತಾರೆ. ಈ ಪದ್ಧತಿ ನನಗೆ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು. ಎಷ್ಟು ಮದುವೆಗಳಲ್ಲಿ ನಾನೇ ನಿಂತು ಇಡಿಸಿದ್ದೇನೆ! ಆ ತಂಪು ಸಲೂನಿನಲ್ಲಿ ಡ್ರೋನಿನವರೆಗೂ ಯೋಚನೆ ಮಾಡಿದ ನನ್ನ ತಲೆಗೆ ಇದೊಂದು ಹೊಳೆದಿರಲಿಲ್ಲ. ಇಂಥ ತಲೆಗೆ ಕೂದಲು ಇದ್ದರೆಷ್ಟು, ಬಿಟ್ಟರೆಷ್ಟು?

ಬೇಡ ಅನ್ನುವ ಹಾಗಿಲ್ಲ. ನಲುಗಿನ ಎಣ್ಣೆ ಬೇಡ ಅಂದರೆ ಅಪಶಕುನ. ಯಾಕೆ ಬೇಡ ಅಂತ ಹೇಳಿದರೆ ಮಾನ ಹೋಗುತ್ತದೆ. ಹೋಗಿ ಕೂತೆ. ಮೊದಮೊದಲು ಬಂದವರು ಗರಿಕೆಯ ತುದಿಯಿಂದ ಒಂದೊಂದು ಹನಿ ಮುಟ್ಟಿಸಿದರು. ತಲೆಯನ್ನು ಸ್ವಲ್ಪ ಸ್ವಲ್ಪವೇ ವಾಲಿಸಿ, ಹನಿ ಹಣೆಗೆ ಬೀಳುವ ಹಾಗೆ ನೋಡಿಕೊಂಡೆ. ಹೀಗೇ ದಾಟಿಬಿಡಬಹುದು ಅನ್ನಿಸಿತು.

ಆಗ ಬಂದಳು ದೊಡ್ಡಮ್ಮ. ಗರಿಕೆ ಮುಟ್ಟಲೇ ಇಲ್ಲ. ಹರಳೆಣ್ಣೆಯ ಬಟ್ಟಲನ್ನೇ ಎತ್ತಿ ಅಂಗೈಗೆ ಸುರಿದುಕೊಂಡಳು.

"ದೊಡ್ಡಮ್ಮ, ಸಾಕು ಕಣೇ, ಶೀತ ಆಗುತ್ತೆ."

"ಮೇ ತಿಂಗ್ಳಲ್ಲಿ ಯಾವ ಶೀತಾನೇ? ಸುಮ್ನೆ ಕೂತ್ಕೋ. ತಲೆ ನೋಡು, ಒಣಗಿ ಪುಳ್ಳೆ ಆಗೈತೆ."

ಎರಡೂ ಕೈ ಹಾಕಿ ತಿಕ್ಕಿದಳು. ಹಸುವಿನ ಮೈ ತಿಕ್ಕಿ ಪಳಗಿದ ಕೈ ಅದು. ಅವಳ ಬೆರಳು ಒಂದೊಂದು ಪಟ್ಟಿಯ ಮೇಲೆ ಹರಿದಾಗಲೂ ನಾನು ಕತ್ತು ಕುಗ್ಗಿಸುತ್ತಿದ್ದೆ. ಬೆವರಿನಲ್ಲಿ ಆಗಲೇ ಸಡಿಲವಾಗಿದ್ದ ಅಂಟು ಎಷ್ಟು ಹೊತ್ತು ತಡೆದೀತು? ಕಿವಿಯ ಹಿಂದೆ ಏನೋ ನಿಧಾನಕ್ಕೆ ಜಾರಿತು. ದೊಡ್ಡಮ್ಮನ ಕೈ ನಿಂತಿತು.

"ಏಮೇ ಇದಿ?"

ತೆಲುಗು ಬಂತೆಂದರೆ ದೊಡ್ಡಮ್ಮ ನಿಜವಾಗಿ ಬೆಚ್ಚಿದ್ದಾಳೆ ಅಂತ ಅರ್ಥ. ಮುಗಿಯಿತು ಕಥೆ, ಈಗ ಆ ಗಂಟಲು ತೆರೆಯುತ್ತದೆ, ಶ್ರೀನಿವಾಸಪುರದ ಬೀಗರಿಗೆಲ್ಲ ಕೇಳಿಸುತ್ತದೆ ಅಂತ ಕಣ್ಣು ಮುಚ್ಚಿಕೊಂಡೆ.

ಗಂಟಲು ತೆರೆಯಲಿಲ್ಲ. ಕಣ್ಣು ಬಿಟ್ಟು ನೋಡಿದರೆ ಆ ಪಟ್ಟಿಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು. ನನ್ನ ಸೆರಗನ್ನು ಎಳೆದು ನನ್ನ ತಲೆ ಮೇಲೆ ಹೊದಿಸಿ, "ಆಯ್ತು ಏಳು, ಇನ್ ನೀರು ಹಾಕ್ಬೇಕು" ಅಂದಳು. ಅದೂ ಶಾಸ್ತ್ರದ ಒಂದು ಭಾಗವೇ ಅನ್ನುವ ಹಾಗೆ ನನ್ನ ರೆಟ್ಟೆ ಹಿಡಿದು ರೂಮಿಗೆ ನಡೆಸಿದಳು. ಅಲ್ಲಿದ್ದವರನ್ನೆಲ್ಲ ಆಚೆ ಕಳಿಸಿ ಚಿಲಕ ಹಾಕಿದ ಮೇಲೆ ನೋಡಿ, ಬಾಯಿ ತೆರೆದಳು.

"ಗೋಂದು ಹಾಕ್ಕೊಂಡಿದ್ದೀಯೇನೇ ತಲೆಗೆ? ನಿನ್ ತಲೆ ಏನು ಪೋಸ್ಟ್ ಕವರಾ? ಯಾರ್ದೇ ಈ ಕೂದಲು?"

ಅಲ್ಲಿಯವರೆಗೂ ತಡೆದಿದ್ದ ನನಗೂ ರೇಗಿಹೋಯಿತು. ಎಣ್ಣೆ ಸುರಿಯುವ ಮುಖ ಇಟ್ಟುಕೊಂಡೇ ಕೂಗಾಡಿದೆ.

"ಎಲ್ಲಾ ನಿನ್ನಿಂದಾನೇ! ಆವತ್ತು ಪಂಕ್ತೀಲಿ ಅಷ್ಟು ಜನರ ಮುಂದೆ ನೆತ್ತಿ ಕಾಣುತ್ತೆ ಅಂತ ಕೂಗದೇ ಇದ್ದಿದ್ರೆ ನಾನ್ಯಾಕೆ ಈ ಪಾಡು ಪಡ್ತಿದ್ದೆ?"

ದೊಡ್ಡಮ್ಮ ನನ್ನನ್ನು ವಿಚಿತ್ರವಾಗಿ ನೋಡಿದಳು. "ಕಾಣ್ತಿತ್ತು, ಹೇಳ್ದೆ. ಅದ್ರಲ್ಲೇನೈತೆ?" ಅಂದಳು. ಆಮೇಲೆ ತನ್ನ ತುರುಬಿನ ಪಿನ್ನುಗಳನ್ನು ಒಂದೊಂದಾಗಿ ಕಿತ್ತಳು. ತೆಂಗಿನಕಾಯಿ ಗಾತ್ರದ ತುರುಬು ಇಡಿಯಾಗಿ ಕೈಗೆ ಬಂತು. "ನನ್ಗೆಲ್ಲೈತೆ ಕೂದಲು? ನಾನೇನ್ ಮುಚ್ಚಿಟ್ಟಿದ್ನಾ?"

ಇಲ್ಲ. ಅವಳು ಚೌರಿ ಇಟ್ಟುಕೊಳ್ಳುವುದು ಎಲ್ಲರಿಗೂ ಗೊತ್ತಿತ್ತು. ಎಷ್ಟು ಗೊತ್ತಿತ್ತೆಂದರೆ ಮರೆತೇ ಹೋಗಿತ್ತು. ವಕ್ಕಲೇರಿ ಮನೆಯ ಬಚ್ಚಲ ಪಕ್ಕದ ಮೊಳೆಗೆ ಅದು ನೇತಾಡುತ್ತಿತ್ತು. ಹೊರಡುವ ಹೊತ್ತಿಗೆ "ಲೇ, ಆ ಚೌರಿ ತಗೊಂಬಾರೇ" ಅಂತ ನಡುಮನೆಯಿಂದ ಕೂಗುತ್ತಿದ್ದಳು. ಗಂಡಸರಿರಲಿ, ನೆಂಟರಿರಲಿ, ಎಲ್ಲರ ಎದುರೇ ಹೆಣೆದುಕೊಳ್ಳುತ್ತಿದ್ದಳು. ಕೊಡೆಯ ಹಾಗೆ, ಚಪ್ಪಲಿಯ ಹಾಗೆ ಅದೂ ಒಂದು ವಸ್ತು. ನಾವೋ, ದುಡ್ಡು ಕೊಡುವುದೇ "ಯಾರಿಗೂ ಗೊತ್ತಾಗಲ್ಲ" ಅನ್ನುವ ಮಾತಿಗೆ. ಕೂದಲನ್ನು ಹೊರುವುದಕ್ಕಿಂತ ಆ ಗುಟ್ಟನ್ನು ಹೊರುವುದೇ ತಲೆಭಾರ. ಅಷ್ಟು ಹೆದರುವಂಥದ್ದು ನಮಗೆ ಏನಾಯಿತು ಅಂತೀನಿ?

"ಇದು ಯಾರ್ದು ಗೊತ್ತೇನೇ?" ದೊಡ್ಡಮ್ಮ ಚೌರಿ ಬಿಡಿಸಿ ಹಿಡಿದಳು.

ತುದಿ ನೋಡಿದೆ. ಬಾಚಿದಷ್ಟೂ ಸುರುಳಿಗೆ ತಿರುಗುವ ತುದಿ. ದೊಡ್ಡಮ್ಮನದು ಯಾವತ್ತೂ ದಾರದಂಥ ನೆಟ್ಟನೆಯ ಕೂದಲು. ಸುರುಳಿ ಇದ್ದದ್ದು ಒಬ್ಬಳದೇ ಜಡೆಗೆ.

"ನಿಮ್ಮಮ್ಮಂದೇ. ಉಂಡೆ ಮಾಡಿ ಮಾಡಿ ಎತ್ತಿಡ್ತಿದ್ಲಲ್ಲ, ಊರಿಗೆ ಚೌರಿ ಕಟ್ಟೋಳು ಬಂದಾಗ ಕಟ್ಟಿಸಿದ್ಲು. ಅವಳಿಗೆ ಯಾತಕ್ಕೆ, ಮಾರುದ್ದ ಜಡೆ ಇತ್ತು. 'ಅಕ್ಕ, ನಿಂಗೆ ಬೇಕಾಗುತ್ತೆ ಇಟ್ಕೋ' ಅಂತ ಕೊಟ್ಳು. ಅವತ್ತಿಂದ ಇದನ್ನೇ ಇಟ್ಕೊಂಡು ಓಡಾಡ್ತಿದ್ದೀನಿ."

ಆ ತುರುಬನ್ನು ಎಷ್ಟು ಮದುವೆಗಳಲ್ಲಿ ನೋಡಿದ್ದೇನೆ! ಅಮ್ಮ ಹೋದ ಮೇಲೂ ಅವಳು ಹೀಗೆ ನಮ್ಮ ಮಧ್ಯೆ ಓಡಾಡಿಕೊಂಡೇ ಇದ್ದಳು, ನನಗೇ ತಿಳಿಯಲಿಲ್ಲ. ಅಲ್ಲೇ ಕೂತು ಅತ್ತೆ. ಅಳುತ್ತಿದ್ದವಳ ತಲೆಯನ್ನು ತೊಡೆ ಮೇಲೆ ಎಳೆದುಕೊಂಡು, ಉಳಿದ ಪಟ್ಟಿಗಳನ್ನೆಲ್ಲ ದೊಡ್ಡಮ್ಮ ಹರಳೆಣ್ಣೆ ಹಚ್ಚಿ ಹಚ್ಚಿ ಬಿಡಿಸಿದಳು. ತಲೆಗೆ ನೀರು ಹಾಕಿ, ಒರೆಸಿ, ನನ್ನ ಇಲಿಬಾಲಕ್ಕೆ ಅಮ್ಮನ ಕೂದಲನ್ನು ಸೇರಿಸಿ ಬಿಗಿಯಾಗಿ ಹೆಣೆದಳು. ಆ ಕೆರೆತವೆಲ್ಲ ಎಲ್ಲಿ ಹೋಯಿತೋ.

"ಮತ್ತೆ ನಿನಗೆ?" ಅಂದೆ.

ತನ್ನ ಬಿಳಿ ಕೂದಲನ್ನು ನಿಂಬೆಹಣ್ಣಿನಷ್ಟು ಗಂಟು ಹಾಕಿ, ಅದಕ್ಕೊಂದು ತುಂಡು ಕನಕಾಂಬರ ಸಿಕ್ಕಿಸಿ, "ನನ್ನನ್ನ ಯಾವನು ನೋಡ್ತಾನೆ ನಡಿಯೇ" ಅಂದಳು.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಅವಳು ನಮ್ಮ ದೊಡ್ಡಮ್ಮ. ಆಚೆ ಬಂದವಳೇ, ತುರುಬು ಎಲ್ಲಿ ಅಂತ ಕೇಳಿದವರಿಗೆಲ್ಲ ಇಡೀ ಹಾಲಿಗೆ ಕೇಳುವ ಹಾಗೆ, "ನನ್ ಚೌರಿ ಸುಧಾಗೆ ಕೊಟ್ಟಿದ್ದೀನಿ ಕಣ್ರೇ! ಜ್ವರಕ್ಕೆ ಅವಳ ಕೂದಲೆಲ್ಲಾ ಉದುರಿ ಹೋಗೈತೆ!" ಅಂತ ಸಾರಿಬಿಟ್ಟಳು. ಸೊಂಟಕ್ಕೆ ಸಿಕ್ಕಿಸಿ ಕಾಪಾಡಿದ ಗುಟ್ಟು ಇದೇನಾ? ಇಷ್ಟು ದಿನ ಬೆವರು ಸುರಿಸಿ, ಕೆರೆದುಕೊಂಡು, ಮಾಲೂರಿನವರೆಗೂ ಹೋಗಿ ಮುಚ್ಚಿಟ್ಟದ್ದು ಒಂದು ಉಸಿರಿಗೆ ಬಯಲಾಯಿತು.

ಹಲ್ಲು ಕಚ್ಚಿ ನಿಂತೆ. ಈಗ ಬರುತ್ತದೆ ಆ ಮಾತು ಅಂತ ಕಾದೆ. ಶ್ರೀನಿವಾಸಪುರದ ಬೀಗಿತ್ತಿ ಎದ್ದು ನೇರ ನನ್ನ ಹತ್ತಿರ ಬಂದರು. ಜಡೆಯನ್ನು ಕೈಗೆತ್ತಿಕೊಂಡು, ಎಳೆ ಎಳೆಯನ್ನೂ ಸವರಿ ನೋಡಿದರು.

"ಎಷ್ಟು ಚೆನ್ನಾಗೈತಮ್ಮಾ. ಯಾರ್ದು?"

"ನಮ್ಮಮ್ಮಂದು" ಅಂದೆ.

"ಪುಣ್ಯವಂತಳು ನೀನು" ಅಂದು ಹೋದರು. ಮಾರನೇ ದಿನ ಕಳಸ ಹಿಡಿದು ಮದುಮಗಳ ಹಿಂದೆ ನಡೆದೆ. ಡ್ರೋನ್ ನೆತ್ತಿಯ ಮೇಲೇ ಗುಂಯ್‌ಗುಡುತ್ತಿತ್ತು. ಗುಂಯ್‌ಗುಡಲಿ ಬಿಡಿ ಅನ್ನಿಸಿತು.

ಈಗ ಹೊಸ ತಲೆನೋವು. ದೊಡ್ಡಮ್ಮ ಕೊಟ್ಟದ್ದು ಸಾಲವಾಗಿ ಮಾತ್ರವಂತೆ! ಎರಡು ದಿನಕ್ಕೊಮ್ಮೆ ಫೋನು. "ಬಿಸಿಲಿಗೆ ಹಾಕ್ಬೇಡ, ಕೆಂಚಗಾಗುತ್ತೆ. ನೆರಳಲ್ಲಿ ಒಣಗಿಸು. ವಾರಕ್ಕೊಂದ್ಸಲ ಎಣ್ಣೆ ಹಚ್ಚು. ಯಾವಾಗ್ಲೇ ವಾಪಸ್ ಕೊಡೋದು? ಬರೋ ಗೃಹಪ್ರವೇಶಕ್ಕೆ ನನ್ಗೆ ಬೇಕು." ಇವತ್ತು ಬರ್ತೀನಿ, ನಾಳೆ ಬರ್ತೀನಿ ಅಂತ ಸುಳ್ಳು ಹೇಳುತ್ತಿದ್ದೇನೆ. ವಕ್ಕಲೇರಿ ಏನು ದೂರವೇ? ಸ್ಕೂಟಿಯಲ್ಲೇ ಹೋಗಿ ಬರಬಹುದು. ಹೋಗಲು ಮನಸ್ಸಿಲ್ಲ ಅಷ್ಟೇ.

ಮೊನ್ನೆ ಭಾನುವಾರ ಚೌರಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ಬೆರಳ ತುದಿಗೆ ಎಣ್ಣೆ ತಗೊಂಡು ಎಳೆ ಎಳೆಗೂ ಹಚ್ಚುತ್ತಿದ್ದೆ. ಯಾರ ಕೈಗೂ ಕೊಡದಿದ್ದವಳು ಈಗ ಸುಮ್ಮನೆ ಕೈಗೆ ಸಿಕ್ಕಿದ್ದಾಳೆ. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಕೈಯೆಲ್ಲ ಎಣ್ಣೆ, ಮೊಣಕೈಯಲ್ಲೇ ಸ್ಪೀಕರ್ ಒತ್ತಿದೆ. ಮಾಲೂರಿನ ಹುಡುಗಿ.

"ಮ್ಯಾಮ್, ಮೆಂಟೆನೆನ್ಸ್‌ಗೆ ಬಂದೇ ಇಲ್ವಲ್ಲ? ಹೇರ್ ಹೇಗಿದೆ? ಎಣ್ಣೆ ಮಾತ್ರ ಹಚ್ತಿಲ್ಲ ತಾನೇ?"

ನಮ್ಮಮ್ಮನ ತಲೆಗೆ ಎಣ್ಣೆ ಹಚ್ಚಬೇಡ ಅನ್ನೋಕೆ ಇವಳ್ಯಾರು?